ಮಡಿವಾಳ ಹಕ್ಕಿಯ ಫೋಟೋ ತೆಗೆಯಬೇಕೆ?

ಬೆಳಗಿನ ಜಾವ ಒಲೆ ಹಚ್ಚುವ ಹೊತ್ತಿಗೆ ಹಿತ್ತಲಿನಿಂದ ಇಂಪಾದ ಸಿಳ್ಳು ಕೇಳಿದ್ದೀರಾ? ಕಪ್ಪು ಬಿಳುಪಿನ, ಬಾಲ ನಿಗುರಿಸಿ ಕೂರುವ ಆ ಗಾಯಕನೇ ಮಡಿವಾಳ ಹಕ್ಕಿ. ಹೆಣ್ಣಿಗೆ ಕಪ್ಪಿನ ಬದಲು ಬೂದುಬಣ್ಣ.

ಕೊಳ್ಳೇಗಾಲದ ಪಕ್ಕದ ನಮ್ಮ ಮಧುವನಹಳ್ಳಿಯ ಹಿತ್ತಲಿಗೂ ಕಳೆದ ಬೇಸಿಗೆಯಲ್ಲಿ ಒಂದು ಜೋಡಿ ಬಂತು. ಮೊಬೈಲು ಹಿಡಿದು ಹತ್ತಿರ ಹೋದರೆ ಪುರ್ರೆಂದು ಮಾಯ! ಕೊನೆಗೆ ಹಳೇ ನುಗ್ಗೆಮರದ ಪೊಟರೆಯಲ್ಲಿ ಗೂಡು ಕಂಡಿತು. ಫೋಟೋಕ್ಕೆ ಅಡ್ಡವಿದ್ದ ಕೊಂಬೆ ಕಡಿಯಲು ಕುಡುಗೋಲು ಎತ್ತಿದೆ. ನಮ್ಮತ್ತೆ ಗದರಿದರು: “ಬಾಣಂತಿ ಕೋಣೆಗೆ ಯಾರಾದ್ರೂ ಹಿಂಗೆ ನುಗ್ತಾರಾ? ಸುಮ್ನೆ ಬಾ ಕಣಮ್ಮಿ.”

ಅವರ ಮಾತು ನಿಜ. ಕಾವು ಕೂರುವುದು ಹೆಣ್ಣೊಂದೇ. ಅದು ಹೆದರಿ ಗೂಡು ಬಿಟ್ಟರೆ ಮೊಟ್ಟೆ ಕೆಡುತ್ತದೆ. ಮರೆ ಹೋದರೆ ಕಾಗೆ, ಬೆಕ್ಕಿಗೆ ದಾರಿಯಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇಂಥ ಹಕ್ಕಿಗಳ ಗೂಡು ಕದಡುವುದನ್ನು ಬೇಟೆಯೆಂದೇ ಎಣಿಸುತ್ತದೆ.

ನೀವು ಹೀಗೆ ಮಾಡಿ. ಗೂಡಿನಿಂದ ದೂರದಲ್ಲಿ, ಅಗಲಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಷ್ಟು ನೀರಿಡಿ. ದಿನಾ ತೊಳೆದು ನೀರು ಬದಲಿಸಿ. ಹಕ್ಕಿ ಕೂರಲು ಪಕ್ಕದಲ್ಲೊಂದು ಕಲ್ಲಿರಲಿ. ಅಡುಗೆಮನೆ ಕಿಟಕಿಯ ಒಳಗೇ ಅಲುಗಾಡದೆ ನಿಂತು ಕಾಯಿರಿ. ಬೆಳಗಿನ ಬಿಸಿಲು ನಿಮ್ಮ ಬೆನ್ನಿಗಿರಲಿ. ಫ್ಲಾಷ್ ಬೇಡವೇ ಬೇಡ. ಮೊಬೈಲಿನ ಸದ್ದನ್ನೂ ನಿಲ್ಲಿಸಿ.

ನಾನು ಒಂಬತ್ತು ದಿನ ಕಾದೆ. ಹತ್ತನೆಯ ದಿನ ಗಂಡುಹಕ್ಕಿ ಕಲ್ಲಿನ ಮೇಲೆ ಕೂತು ಕೊರಳೆತ್ತಿತು. ಚಿತ್ರ ಕೊಂಚ ಮಸುಕಾಗಿದೆ, ನಿಜ. ಆದರೆ ಪೊಟರೆಯಿಂದ ಮೂರು ಮರಿ ಹಾರಿದವು. ಆವತ್ತು ಒಲೆಯ ಮೇಲೆ ಹಾಲು ಉಕ್ಕಿದ್ದಕ್ಕೆ ಅತ್ತೆ ಗದರಲೇ ಇಲ್ಲ!