ಕಾಣದ ಗುಣಕ

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಒಂದು ದಿನ ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡು ಪ್ರಯೋಗಶಾಲೆಗೆ ಬಂದನು. ತಂದೆಯ ದಾಳಿಂಬೆ ತೋಟದಲ್ಲಿ ತೊಟ್ಟಿಯಿಂದ ನೀರೆತ್ತುವ ಚಿಕ್ಕ ಸೌರ ಪಂಪಿಗಾಗಿ ಅವನು ವೇಗನಿಯಂತ್ರಕವೊಂದನ್ನು ರಚಿಸಿದ್ದನು. ಗಣಕಯಂತ್ರದಲ್ಲಿ ಆ ವಿದ್ಯುನ್ಮಂಡಲದ ಅನುಕರಣವನ್ನು ನಡೆಸಿದಾಗ ಎಲ್ಲವೂ ಸೊಗಸಾಗಿದ್ದಿತು. ನಾವೂ ಅದನ್ನು ನೋಡಿ ಒಪ್ಪಿಗೆ ಕೊಟ್ಟಿದ್ದೆವು. ಆದರೆ ಮೇಜಿನ ಮೇಲೆ ಕಟ್ಟಿದ ಮಂಡಲದಲ್ಲಿ ಪಂಪನ್ನು ನಡೆಸುವ ಟ್ರಾನ್ಸಿಸ್ಟರು ಕೆಲವೇ ನಿಮಿಷಗಳಲ್ಲಿ ಮುಟ್ಟಲಾಗದಷ್ಟು ಕಾದು ಕೆಟ್ಟುಹೋಯಿತು.

“ಗಣಕ ಸುಳ್ಳು ಹೇಳಿತೇ, ಸಾರ್?” ಎಂದು ಅವನು ಕೇಳಿದನು. ಆ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳಲು ನಮಗೆ ಎರಡು ದಿನಗಳು ಹಿಡಿದುವು. ಬೆಸುಗೆಯನ್ನು ನೋಡಿದೆವು, ತಂತಿಗಳನ್ನು ನೋಡಿದೆವು, ಮೋಟಾರನ್ನು ಬದಲಾಯಿಸಿದೆವು. ತಪ್ಪು ಅಲ್ಲೆಲ್ಲಿಯೂ ಇರಲಿಲ್ಲ. ಗಣಕಕ್ಕೆ ಬರೆದುಕೊಟ್ಟ ಕಡತದ ಒಂದೇ ಒಂದು ಸಾಲಿನಲ್ಲಿದ್ದಿತು.

ವಿದ್ಯುನ್ಮಂಡಲಗಳನ್ನು ಅನುಕರಿಸುವ ಕ್ರಮವಿಧಿಗಳ ಪೈಕಿ ಪ್ರಸಿದ್ಧವಾದುದು ‘ಸ್ಪೈಸ್’. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಲಾರೆನ್ಸ್ ನೇಗಲ್ ಮತ್ತು ಡೊನಾಲ್ಡ್ ಪೆಡರ್ಸನ್ ಅವರು 1973ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದರು. ಅದರ ಸಂತತಿಯಾದ ‘ಎನ್‌ಜಿಸ್ಪೈಸ್’ ಇಂದು ಉಚಿತವಾಗಿ ದೊರೆಯುತ್ತದೆ. ಮಾನಗಳ ವಿಷಯದಲ್ಲಿ ಈ ಭಾಷೆಗೆ ತನ್ನದೇ ಆದ ಪದ್ಧತಿಯುಂಟು. ಅದರಲ್ಲಿ ‘ಎಂ’ ಅಕ್ಷರ ದೊಡ್ಡದಾಗಿದ್ದರೂ ಚಿಕ್ಕದಾಗಿದ್ದರೂ ಸಾವಿರದಲ್ಲೊಂದು ಭಾಗವೆಂದೇ ಅರ್ಥ; ಹತ್ತು ಲಕ್ಷ ಎನ್ನಬೇಕಾದರೆ ‘ಮೆಗ್’ ಎಂದು ಬರೆಯಬೇಕು. ಒಂದು ಮೆಗಓಮ್ ಎಂದುಕೊಂಡು ‘1ಎಂ’ ಎಂದು ಬರೆದರೆ ಓಮಿನ ಸಾವಿರದಲ್ಲೊಂದಂಶ ಮಾತ್ರ ಆದೀತು.

ಇದು ಒಂದೊಂದು ಅಂಕಿಗೆ ಅಂಟಿದ ತಪ್ಪು. ನಮ್ಮನ್ನು ಕಾಡಿದುದು ಇದಕ್ಕಿಂತ ಗೂಢವಾದುದು. ಅದು ಇಡೀ ಕಡತಕ್ಕೆ ಅನ್ವಯಿಸುವ ಸಾರ್ವತ್ರಿಕ ಗುಣಕ.

ಮಾಸ್ ಜಾತಿಯ ಟ್ರಾನ್ಸಿಸ್ಟರಿಗೆ ಗೇಟು ಎಂಬ ಭಾಗವೊಂದುಂಟು. ಅದರ ಅಡಿಯಲ್ಲಿ ವಿದ್ಯುತ್ತು ಹರಿಯುವ ಕಾಲುವೆಯ ಅಗಲವನ್ನೂ ಉದ್ದವನ್ನೂ ನಾವು ಗಣಕಕ್ಕೆ ತಿಳಿಸಬೇಕು. ಸ್ಪೈಸ್ ಅವುಗಳನ್ನು ಮೀಟರುಗಳೆಂದು ಭಾವಿಸುತ್ತದೆ. ಚಿಪ್ಪಿನೊಳಗಿನ ಅಳತೆಗಳೆಲ್ಲವೂ ಮೈಕ್ರೊಮೀಟರುಗಳಲ್ಲಿ, ಎಂದರೆ ಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಗಳಲ್ಲಿ ಇರುವುದರಿಂದ, ‘ಎಲ್ಲ ಉದ್ದಗಳನ್ನೂ ಹತ್ತು ಲಕ್ಷದಿಂದ ಭಾಗಿಸಿಕೊ’ ಎಂದು ಒಂದೇ ಸಾಲಿನಲ್ಲಿ ಆಜ್ಞಾಪಿಸುವ ಅನುಕೂಲವನ್ನು ಕಲ್ಪಿಸಿದ್ದಾರೆ. ಗೂಗಲ್ ಮತ್ತು ಸ್ಕೈವಾಟರ್ ಸಂಸ್ಥೆಗಳು 2020ರಲ್ಲಿ ಸರ್ವರಿಗೂ ಮುಕ್ತಗೊಳಿಸಿದ 130 ನ್ಯಾನೊಮೀಟರು ತಂತ್ರದ ಮಾದರಿಗಳು ಈ ಆಜ್ಞೆಯನ್ನು ತಮ್ಮೊಡನೆಯೇ ತರುತ್ತವೆ. ಅಲ್ಲಿ ಅಗಲ ‘1’ ಎಂದರೆ ಒಂದು ಮೈಕ್ರೊಮೀಟರು.

ನಮ್ಮ ವಿದ್ಯಾರ್ಥಿಯು ನಿಯಂತ್ರಣದ ಭಾಗವನ್ನು ಮುಂದೊಂದು ದಿನ ಚಿಪ್ಪಾಗಿ ಮಾಡಿಸಬೇಕೆಂಬ ಆಸೆಯಿಂದ ಈ ಮಾದರಿಗಳನ್ನೇ ಬಳಸಿದ್ದನು. ಮೇಜಿನ ಮೇಲೆ ಮಾತ್ರ ಅವುಗಳ ಬದಲಿಗೆ ಅಂಗಡಿಯಲ್ಲಿ ದೊರೆಯುವ ಐಸಿಗಳಿದ್ದುವು. ಪಂಪಿನ ದೊಡ್ಡ ಟ್ರಾನ್ಸಿಸ್ಟರಿನ ಮಾದರಿಯು ಬೇರೆ ಕಡೆಯಿಂದ ತಂದುದು. ಅಂಥ ಟ್ರಾನ್ಸಿಸ್ಟರಿನಲ್ಲಿ ಸಾವಿರಾರು ಕೋಶಗಳು ಸಮಾಂತರವಾಗಿರುವುದರಿಂದ ಅವುಗಳ ಒಟ್ಟು ಅಗಲ 3 ಮೀಟರು, ಉದ್ದ 0.25 ಮೈಕ್ರೊಮೀಟರು ಎಂದು ಮಾದರಿಯಲ್ಲಿ ಮೀಟರಿನ ಲೆಕ್ಕದಲ್ಲಿ ಸರಿಯಾಗಿಯೇ ನಮೂದಾಗಿದ್ದಿತು. ಸಾರ್ವತ್ರಿಕ ಗುಣಕವು ತನ್ನವರು ಪರರು ಎಂದೆಣಿಸದು. ಅದು ಈ ಅತಿಥಿಯನ್ನೂ ಹತ್ತು ಲಕ್ಷದಿಂದ ಭಾಗಿಸಿತು. ಅಗಲವು 3 ಮೈಕ್ರೊಮೀಟರಾಯಿತು. ಉದ್ದವು ಹೈಡ್ರೊಜನ್ ಪರಮಾಣುವಿನ ವ್ಯಾಸದ ಸುಮಾರು ನಾನೂರರಲ್ಲಿ ಒಂದು ಭಾಗವಾಯಿತು! ಅಂಥ ಕಾಲುವೆ ಜಗತ್ತಿನಲ್ಲಿ ಇರಲಾರದೆಂದು ಗಣಕಕ್ಕೆ ತಿಳಿಯದು.

ಹಾಗಾದರೆ ತಪ್ಪು ಒಡನೆಯೇ ಏಕೆ ಕಾಣಲಿಲ್ಲ? ಸ್ವಾರಸ್ಯವಿರುವುದು ಇಲ್ಲಿಯೇ. ಟ್ರಾನ್ಸಿಸ್ಟರಿನಲ್ಲಿ ಹರಿಯುವ ಪ್ರವಾಹವು ಮುಖ್ಯವಾಗಿ ಅಗಲ ಮತ್ತು ಉದ್ದಗಳ ಅನುಪಾತವನ್ನು ಅವಲಂಬಿಸಿದೆ. ಎರಡನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಅನುಪಾತವು ಬದಲಾಗದು. ಆದುದರಿಂದ ಪ್ರವಾಹದ ಲೆಕ್ಕವೆಲ್ಲ ಸರಿಯಾಗಿಯೇ ಬಂದಿತು. ಆದರೆ ಗೇಟಿನ ಧಾರಕತೆ, ಎಂದರೆ ವಿದ್ಯುದಂಶವನ್ನು ಹಿಡಿದಿಡುವ ಸಾಮರ್ಥ್ಯವು, ಅಗಲ ಮತ್ತು ಉದ್ದಗಳ ಗುಣಲಬ್ಧವನ್ನು ಅವಲಂಬಿಸಿದೆ. ಅದು ಲಕ್ಷ ಕೋಟಿಯಲ್ಲೊಂದು ಭಾಗಕ್ಕೆ ಇಳಿಯಿತು.

ಈ ವಿಷಯವು ನಮ್ಮ ನಾಡಿನ ನಿದರ್ಶನದಿಂದ ಸ್ಪಷ್ಟವಾದೀತು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರದಲ್ಲಿ ಸುಮಾರು 3,000 ಕೋಟಿ ಘನ ಅಡಿ ನೀರು ಹಿಡಿಯುತ್ತದೆ. ಅಡಿಯನ್ನು ಮೀಟರಿಗೆ ತಿರುಗಿಸಲು 0.3048ರಿಂದ ಗುಣಿಸಬೇಕೆಂಬುದನ್ನು ಬಲ್ಲ ವಿದ್ಯಾರ್ಥಿಯು ಈ ಸಂಖ್ಯೆಯನ್ನೂ ಒಮ್ಮೆ ಮಾತ್ರ ಗುಣಿಸಿದರೆ 914 ಕೋಟಿ ಘನ ಮೀಟರು ಬರುತ್ತದೆ. ನಿಜವಾಗಿ ಮೂರು ಬಾರಿ ಗುಣಿಸಬೇಕು. ಆಗ ದೊರೆಯುವುದು ಸುಮಾರು 85 ಕೋಟಿ ಮಾತ್ರ. ಉದ್ದಕ್ಕೆ ಒಮ್ಮೆ, ವಿಸ್ತೀರ್ಣಕ್ಕೆ ಎರಡು ಬಾರಿ, ಗಾತ್ರಕ್ಕೆ ಮೂರು ಬಾರಿ, ಅನುಪಾತಕ್ಕೆ ಒಮ್ಮೆಯೂ ಇಲ್ಲ: ಗುಣಕದ ನಡತೆ ಹೀಗೆ.

ಇನ್ನು ಸುಟ್ಟ ಟ್ರಾನ್ಸಿಸ್ಟರಿಗೆ ಬರೋಣ. ಅದರ ಗೇಟಿನ ನಿಜವಾದ ಧಾರಕತೆ ಸುಮಾರು ಅರ್ಧ ನ್ಯಾನೊಫ್ಯಾರಡು. ಅನುಕರಣದಲ್ಲಿ ಅದು ಶೂನ್ಯಪ್ರಾಯವಾಗಿದ್ದುದರಿಂದ, ಗೇಟಿನ ದಾರಿಯಲ್ಲಿ 20,000 ಓಮಿನ ರೋಧವಿದ್ದರೂ ಬಾಧಕವಿಲ್ಲವೆಂದು ತೋರಿತ್ತು. ವಾಸ್ತವದಲ್ಲಿ ರೋಧ ಮತ್ತು ಧಾರಕತೆಗಳ ಗುಣಲಬ್ಧವಾದ ಕಾಲಾಂಕವು 10 ಮೈಕ್ರೊಸೆಕೆಂಡು. ಪಂಪಿನ ಪ್ರವಾಹವನ್ನು ಸೆಕೆಂಡಿಗೆ 50,000 ಬಾರಿ ಹೊತ್ತಿಸಿ ಆರಿಸುತ್ತಿದ್ದುದರಿಂದ ಒಂದು ಆವೃತ್ತಿಗೆ ದೊರೆಯುವ ಕಾಲ 20 ಮೈಕ್ರೊಸೆಕೆಂಡು ಮಾತ್ರ. ಟ್ರಾನ್ಸಿಸ್ಟರು ಪೂರ್ಣವಾಗಿ ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ. ನಡುವೆ ನಿಂತು ಬೆಂದಿತು.

ಇಂಥ ತಪ್ಪುಗಳು ವಿದ್ಯಾರ್ಥಿಗಳ ಮೇಜಿಗೆ ಮಾತ್ರ ಸೀಮಿತವಲ್ಲ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಾರ್ಸ್ ಕ್ಲೈಮೆಟ್ ಆರ್ಬಿಟರ್ ನೌಕೆ ಮಂಗಳ ಗ್ರಹದ ಬಳಿ ನಾಶವಾಯಿತು. ಒಂದು ಕಡೆಯವರು ಪೌಂಡು-ಸೆಕೆಂಡುಗಳಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ಕಡೆಯವರು ನ್ಯೂಟನ್-ಸೆಕೆಂಡುಗಳೆಂದು ಗ್ರಹಿಸಿದುದೇ ಕಾರಣ. ಅಲ್ಲಿನ ಅಂತರ ಕೇವಲ 4.45 ಪಟ್ಟು!

ಹಾಗಾದರೆ ಉಪಾಯವೇನು? ಬೇರೆಯವರ ಮಾದರಿಯನ್ನು ಸೇರಿಸುವ ಮೊದಲು ಕಡತದಲ್ಲಿ ಸಾರ್ವತ್ರಿಕ ಗುಣಕವಿದೆಯೇ ಎಂದು ಹುಡುಕಬೇಕು. ಇದ್ದರೆ, ಹೊರಗಿನ ಮಾದರಿಯ ಉದ್ದ ಅಗಲಗಳನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಅದಕ್ಕಿಂತ ಮುಖ್ಯವಾದುದು ಕೈಲೆಕ್ಕ. ಅನುಕರಣದಲ್ಲಿ ಗೇಟಿಗೆ ಒಂದು ಮೈಕ್ರೊಆಂಪಿಯರ್ ಸ್ಥಿರಪ್ರವಾಹವನ್ನು ಹರಿಸಿ ನೋಡಿರಿ. ಅರ್ಧ ನ್ಯಾನೊಫ್ಯಾರಡು ಧಾರಕತೆಯಿದ್ದರೆ ಒಂದು ವೋಲ್ಟು ಏರಲು ಅರ್ಧ ಮಿಲಿಸೆಕೆಂಡು ಬೇಕು. ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ವೋಲ್ಟು ಏರಿತೆಂದು ಗಣಕವು ತೋರಿಸಿದರೆ ಗುಣಕವೆಲ್ಲೋ ಅಡಗಿದೆಯೆಂದು ತಿಳಿಯಿರಿ.

ಚಿಪ್ಪಿನ ಮಾದರಿಗೇ ತಪ್ಪು ಅಳತೆಯನ್ನು ಕೊಟ್ಟಿದ್ದರೆ, ಆ ಅಳತೆಗೆ ಮಾದರಿಯಿಲ್ಲವೆಂದು ಗಣಕವು ಕೆಲಸವನ್ನೇ ನಿಲ್ಲಿಸುತ್ತಿತ್ತು. ಕೂಗಿ ಹೇಳುವ ತಪ್ಪು ಉಪಕಾರಿ. ಪ್ರವಾಹವನ್ನು ಸರಿಯಾಗಿ ತೋರಿಸಿ ಕಾಲವನ್ನು ಮರೆಮಾಡುವ ತಪ್ಪು ಅಪಾಯಕಾರಿ.

ನಮ್ಮ ವಿದ್ಯಾರ್ಥಿಯು ಗೇಟನ್ನು ನಡೆಸಲು ಬಲವಾದ ಐಸಿಯೊಂದನ್ನು ಸೇರಿಸಿ, ರೋಧವನ್ನು 100 ಓಮಿಗೆ ಇಳಿಸಿದನು. ಕಾಲಾಂಕವು ಮೈಕ್ರೊಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗಕ್ಕೆ ಬಂದಿತು. ಹೊಸ ಟ್ರಾನ್ಸಿಸ್ಟರನ್ನು ಅವನು ಮೊದಲು ಹೆದರುತ್ತ, ಆಮೇಲೆ ಧೈರ್ಯವಾಗಿ ಮುಟ್ಟಿ ನೋಡಿದನು. ಅದು ತಣ್ಣಗಿದ್ದಿತು. ಈಗ ಅನುಕರಣದ ಹಾಳೆಗೆ ಒಪ್ಪಿಗೆ ಕೊಡುವ ಮುನ್ನ, ಅದರ ಅಂಚಿನಲ್ಲಿ ಕೈಲೆಕ್ಕವಿದೆಯೇ ಎಂದು ನಾವು ಮೊದಲು ನೋಡುತ್ತೇವೆ.