ಹಳೆಯ ತೊಲೆಯಿಂದ ಹೊಸ ಬಟ್ಟಲು

ಹಳೆಯ ಮನೆ ಕೆಡವಿದಾಗ ಉಳಿಯುವ ಹಲಸಿನ ತೊಲೆಯ ತುಂಡುಗಳನ್ನು ಒಲೆಗೆ ಒಡ್ಡುವ ಮುನ್ನ ಯೋಚಿಸಿರಿ. ಹಲವು ವರ್ಷ ಸೂರಿನಡಿ ಒಣಗಿದ ಈ ಮರ ಹಸಿ ಮರದಷ್ಟು ಬಿರಿಯುವುದಿಲ್ಲ. 15 ಸೆಂ.ಮೀ. ಅಗಲ, 6 ಸೆಂ.ಮೀ. ದಪ್ಪದ ತುಂಡು ಒಂದು ಬಟ್ಟಲಿಗೆ ಸಾಕು.

ಆಯ್ಕೆ: ಗೆದ್ದಲು ತಿಂದ, ಬಿರುಕು ಬಿಟ್ಟ ಹಾಗೂ ನಡುತಿರುಳಿರುವ ಭಾಗ ಬೇಡ. ಕ್ರಿಯೋಸೋಟ್ ಉಣಿಸಿದ ರೈಲ್ವೆ ಸ್ಲೀಪರ್ ಮತ್ತು ವಿಷಯುಕ್ತ ಕಾಸರಕದ ಮರ ಆಹಾರದ ಪಾತ್ರೆಗೆ ಸಲ್ಲವು. ಬಣ್ಣ ಬಳಿದ ಹಳೆಯ ಬಾಗಿಲನ್ನೂ ಬಿಡಿರಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಅಯಸ್ಕಾಂತ ಆಡಿಸಿ ಅಡಗಿದ ಮೊಳೆಗಳನ್ನು ಹುಡುಕಿ ಕೀಳಿರಿ.

ಕಡೆಯುವ ವಿಧಾನ: ತುಂಡನ್ನು ದುಂಡಗೆ ಕೊಯ್ದು ಲೇತಿಗೆ ಭದ್ರವಾಗಿ ಬಿಗಿಯಿರಿ. ಯಂತ್ರ ನಡೆಸುವ ಮುನ್ನ ಕೈಯಿಂದ ಒಂದು ಸುತ್ತು ತಿರುಗಿಸಿ, ಮರ ಎಲ್ಲಿಯೂ ತಾಗದೆಂದು ಖಚಿತಪಡಿಸಿಕೊಳ್ಳಿರಿ. ಉಳಿಯನ್ನು ಹೊರಮೈಯಲ್ಲಿ ತಳದಿಂದ ಅಂಚಿಗೆ, ಒಳಮೈಯಲ್ಲಿ ಅಂಚಿನಿಂದ ತಳಕ್ಕೆ ನಡೆಸಿದರೆ ಮರದ ಎಳೆ ಕಿತ್ತು ಬರುವುದಿಲ್ಲ. ಅಂಚು 6ರಿಂದ 8 ಮಿ.ಮೀ., ತಳ 10 ಮಿ.ಮೀ. ದಪ್ಪವಿರಲಿ.

ಗಾಳಿಗೆ ಬಿದ್ದ ಹಸಿ ಮರವಾದರೆ ಮೊದಲು ವ್ಯಾಸದ ಹತ್ತನೆಯ ಒಂದು ಭಾಗದಷ್ಟು ದಪ್ಪ ಉಳಿಸಿ ಒರಟಾಗಿ ಕಡೆಯಿರಿ. ನೆರಳಿನಲ್ಲಿಟ್ಟು ಆಗಾಗ ತೂಗಿರಿ. ತೂಕ ಇಳಿಯುವುದು ನಿಂತ ಮೇಲೆ ಮತ್ತೆ ಕಡೆದು ಮುಗಿಸಿರಿ.

ಮೆರುಗು: ಚನ್ನಪಟ್ಟಣದ ಕುಶಲಕರ್ಮಿಗಳು ಗೊಂಬೆಗಳಿಗೆ ಮಾಡುವಂತೆ, ತಿರುಗುವ ಮೈಗೆ ಅರಗಿನ ಕಡ್ಡಿ ಒತ್ತಿರಿ. ಉಜ್ಜುವ ಶಾಖಕ್ಕೆ ಅರಗು ಕರಗಿ ಹತ್ತುತ್ತದೆ. ಬಿಸಿಗೆ ಇದು ಮೆತ್ತಗಾಗುವುದರಿಂದ ಬಟ್ಟಲಿಗೆ ಬಿಸಿ ಸಾರು ಬೇಡ. ಕಾಳು, ಹಣ್ಣು ಇಡಬಹುದು.

ಎಚ್ಚರಿಕೆ: ಹೆಗಲ ಮೇಲಿನ ಟವೆಲು, ಸಡಿಲ ತೋಳು ಯಂತ್ರಕ್ಕೆ ಸಿಕ್ಕಿದರೆ ಕೈಯೇ ಹೋದೀತು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ತಪ್ಪದೆ ಕಟ್ಟಿರಿ. ಅಭ್ಯಾಸವಿಲ್ಲದವರು ಬಲ್ಲವರ ಬಳಿ ಕಲಿತ ನಂತರವೇ ಉಳಿ ಹಿಡಿಯುವುದು ಕ್ಷೇಮ.