ಕತ್ತಿನ ಗಂಟಿಗೆ ಒಂದು ಸೂಜಿ: ಭಯ ಬೇಡ, ತಡವೂ ಬೇಡ

"ಸೂಜಿ ಚುಚ್ಚಿಸಬೇಡ್ರೋ, ಗಡ್ಡೆ ಕೆರಳಿ ಮೈಯೆಲ್ಲಾ ಹರಡುತ್ತೆ!" ಚಿಕ್ಕಪ್ಪನ ಕತ್ತಿನಲ್ಲಿ ನೋವಿಲ್ಲದ ಗಂಟು ಕಾಣಿಸಿಕೊಂಡಾಗ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮೊದಲ ಸಲಹೆ ಇದು. ಒಂದು ಕಿವಿ ಮುಚ್ಚಿದ ಹಾಗಿದೆ ಅಂತಲೂ ಅವರು ಹೇಳುತ್ತಿದ್ದರು. ನೆಗಡಿ ಇರಬೇಕು ಅಂದುಕೊಂಡು ಎರಡು ತಿಂಗಳು ಕಳೆದೆವು. ಆ ಎರಡು ತಿಂಗಳು ನನ್ನನ್ನು ಇವತ್ತಿಗೂ ಚುಚ್ಚುತ್ತವೆ.

ಕಿವಿಗೂ ಕತ್ತಿಗೂ ಏನು ಸಂಬಂಧ? ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ ನಾಸೋಫ್ಯಾರಿಂಕ್ಸ್ ಎಂಬ ಜಾಗವಿದೆ. ಬಾಯಿ ತೆರೆದರೂ ಕಾಣಲ್ಲ. ಕಿವಿಯ ನಳಿಕೆ ಅಲ್ಲೇ ತೆರೆದುಕೊಳ್ಳುತ್ತೆ. ಅಲ್ಲಿನ ಕ್ಯಾನ್ಸರ್ ಎಷ್ಟೋ ಸಲ ಮೊದಲು ಗೊತ್ತಾಗುವುದೇ ಕತ್ತಿನ ಗಂಟಿನಿಂದ. ದಕ್ಷಿಣ ಚೀನಾದಲ್ಲಿ, ನಮ್ಮ ನಾಗಾಲ್ಯಾಂಡ್, ಮಣಿಪುರಗಳಲ್ಲಿ ಇದು ಹೆಚ್ಚು. ನಮ್ಮ ಕಡೆ ಅಪರೂಪ, ಅದಕ್ಕೇ ಬೇಗ ಹೊಳೆಯಲ್ಲ.

ಕೊನೆಗೆ ಡಾಕ್ಟರು ಮಾಡಿದ್ದು ಎಫ್‌ಎನ್‌ಎಸಿ. 22ರಿಂದ 25 ಗೇಜಿನ ತೆಳು ಸೂಜಿಯಿಂದ ಗಂಟಿನ ಜೀವಕೋಶಗಳನ್ನು ಹೀರಿ, ಗಾಜಿನ ಸ್ಲೈಡ್ ಮೇಲೆ ಹರಡಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ, ಅಡ್ಮಿಟ್ ಆಗಬೇಕಿಲ್ಲ. ಸೂಜಿ ಬಯಾಪ್ಸಿ ಹೊಸದೂ ಅಲ್ಲ. ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲ್ಲಿಸ್ 1930ರಲ್ಲೇ ಇದರ ಬಗ್ಗೆ ಬರೆದಿದ್ದರು.

ಹಾಗಾದರೆ ಹರಡುವ ಮಾತು? ತೆಳು ಸೂಜಿಯಿಂದ ಹಾಗಾಗುವುದು ತೀರಾ ಅಪರೂಪ. ನಿಜವಾದ ಅಪಾಯ ಇರುವುದು ತಡ ಮಾಡುವುದರಲ್ಲಿ. ಪರೀಕ್ಷೆಯೇ ಮಾಡದೆ ಆತುರದಲ್ಲಿ ಗಂಟು ಕೊಯ್ಸಿಕೊಂಡರೂ ಮುಂದಿನ ಚಿಕಿತ್ಸೆ ಕಷ್ಟವಾಗಬಹುದು.

ಸೂಜಿ ಸುಳಿವು ಕೊಡುತ್ತೆ, ಮೂಲವನ್ನೂ ಹುಡುಕಬೇಕು. ಮೂಗಿನ ಮೂಲಕ ಎಂಡೋಸ್ಕೋಪ್ ಇಳಿಸಿ ಅಲ್ಲಿಂದಲೇ ಚೂರು ತೆಗೆಯುತ್ತಾರೆ. ಇನ್ನೂ ಆಳದಲ್ಲಿರುವ ಗಡ್ಡೆಗೆ ಸಿಟಿ ಸ್ಕ್ಯಾನ್ ನೋಡುತ್ತಾ ಸೂಜಿ ಹಾಕುವುದುಂಟು. ಕೋಶಗಳು ಸಾಲದಿದ್ದರೆ ಸ್ವಲ್ಪ ದಪ್ಪನೆಯ ಕೋರ್ ಸೂಜಿ. ಒಂದು ಮಾತು ನೆನಪಿಡಿ: ರಿಪೋರ್ಟಿನಲ್ಲಿ "ಏನಿಲ್ಲ" ಅಂತ ಬಂದರೂ ಗಂಟು ಹೋಗದಿದ್ದರೆ ಮತ್ತೆ ಪರೀಕ್ಷೆ ಮಾಡಿಸಬೇಕು. ಒಂದು ಟೆಸ್ಟ್ ಪಾಸಾದ ಮಾತ್ರಕ್ಕೆ ಬಗ್ ಇಲ್ಲ ಅಂತಲ್ಲ, ನಮ್ಮ ಕೆಲಸದಲ್ಲೂ ಅಷ್ಟೇ ತಾನೆ?

ಚಿಕ್ಕಪ್ಪನಿಗೆ ರೇಡಿಯೇಷನ್, ಕೀಮೋ ಎರಡೂ ಆಯ್ತು. ಬಾಯಿ ಒಣಗುತ್ತೆ, ಅನ್ನಕ್ಕೆ ಸಾರು ಜಾಸ್ತಿ ಬೇಕು. ಆದರೆ ಈಗ ಮನೆಯಲ್ಲಿದ್ದಾರೆ, ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಕಳಿಸುತ್ತಿದ್ದಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ಮೂರು ವಾರವಾದರೂ ಕರಗದ ಕತ್ತಿನ ಗಂಟು, ಒಂದೇ ಕಡೆ ಕಿವಿ ಮುಚ್ಚುವುದು, ಮೂಗಿನಲ್ಲಿ ಪದೇ ಪದೇ ರಕ್ತ ಕಂಡರೆ ಗ್ರೂಪಿನಲ್ಲಿ ಕೇಳಬೇಡಿ. ಇಎನ್‌ಟಿ ಡಾಕ್ಟರ ಅಪಾಯಿಂಟ್‌ಮೆಂಟ್ ಇವತ್ತೇ ತಗೊಳ್ಳಿ.